ಆಂಟೆನಾ ಸರಿಯಿತ್ತು

ಅನ್ನ ಬಸಿಯುತ್ತಿದ್ದೆ. ಕುಚ್ಚಲಕ್ಕಿಯ ಅನ್ನ, ಪಾತ್ರೆಯೂ ದೊಡ್ಡದು. ತಟ್ಟೆ ಅಡ್ಡ ಹಿಡಿದು ಬಗ್ಗಿಸಿದ ಮೇಲೆ ಗಂಜಿ ಪೂರ್ತಿ ಇಳಿಯುವ ತನಕ ಕೈ ಬಿಡುವಂತಿಲ್ಲ. ಅಷ್ಟರಲ್ಲಿ ದೇವರ ಗೂಡಿನ ಪಕ್ಕ ಇಟ್ಟಿದ್ದ ಫೋನು ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಮೇಲಿಂದ ಮೇಲೆ ಕರೆಯುವವರಿಗೆ ತುರ್ತು ಇರುತ್ತದೆ ಎಂದು ಗೊತ್ತಿದ್ದೂ ಗಂಜಿ ಬಸಿದು ಮುಗಿಸಿ, ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೋದೆ. ಕುಮಟೆಯಿಂದ ಡ್ರೈವರ್ ಮಾವನ ಮಗಳು.

"ಅಕ್ಕಾ, ಅಪ್ಪ ಹೋದ್ರು."

"ಯಾವಾಗೆ?"

"ಈಗಷ್ಟೇ. ಚಾ ಕುಡ್ದು ಲೋಟ ಕೆಳಗಿಟ್ರು. ನಾ ಲೋಟ ತೆಗೂಕೆ ಬಗ್ಗಿದೆ, ಎದ್ದು ನೋಡೂದ್ರೊಳಗೆ ಇಲ್ಲ."

ಅವಳು ಅಳಲಿಲ್ಲ. ಅಳುವುದು ಇನ್ನೂ ಬಂದಿರಲಿಲ್ಲ. "ಸಂಜೆ ತನಕ ಇಡ್ತೇವೆ ಅಕ್ಕಾ. ಅಪ್ಪಂಗೆ ಗಂಡುಮಕ್ಕಳಿಲ್ಲ, ನಿಮ್ಗೆ ಗೊತ್ತಲ್ದಾ. ಅಣ್ಣ ಹೆಗಲು ಕೊಡೂಕೆ ಬರ್ಬೇಕು. ಅವ್ರಿಗೊಂದು ಹೇಳಿ" ಎಂದಳು. ಅಣ್ಣ ಎಂದರೆ ನಮ್ಮನೆಯವರು.

ನಮ್ಮನೆಯವರು ಬೆಳಕು ಹರಿಯುವ ಮೊದಲೇ ಬೋಟು ಹೊರಡಿಸಿಕೊಂಡು ಹೋಗಿದ್ದರು. ಅವರು ಬೋಟಿನ ತಾಂಡೇಲ. ಚುಕ್ಕಾಣಿ ಹಿಡಿದು ಬೋಟು ನಡೆಸುವವರು. ಅವರಿರುವಲ್ಲಿಗೆ ಫೋನು ಹೋಗುವುದಿಲ್ಲ. ಆದರೂ "ಹೇಳ್ತೆ" ಎಂದೆ. ಫೋನಿಟ್ಟು ದೇವರ ಮುಂದೆ ನಿಂತೆ. ಮಗಳ ಕೈಯ ಚಾ ಕುಡಿದು ಹೋದರಲ್ಲ, ಹಾಸಿಗೆಯಲ್ಲಿ ಕೊಳೆಯಲಿಲ್ಲವಲ್ಲ, ಅಷ್ಟಕ್ಕೆ ಕೈ ಮುಗಿದೆ.

ಅವರು ನಮಗೆ ರಕ್ತಸಂಬಂಧಿಗಳಲ್ಲ. ಹೊನ್ನಾವರದ ಅಳಿವೆಯ ದಂಡೆಯಲ್ಲಿ ನಮ್ಮ ಮನೆಯ ಬೇಲಿಗೆ ತಾಗಿ ಅವರ ಮನೆ, ಅಷ್ಟೇ. ಜನ್ಮವಿಡೀ ಮೀನು ಬೋಟಿನ ಇಂಜಿನ್ ಡ್ರೈವರ್ ಆಗಿದ್ದವರು. ತಾಂಡೇಲ ಮೇಲೆ ಗಾಳಿಯಲ್ಲಿ ನಿಂತರೆ ಡ್ರೈವರ್ ಕೆಳಗೆ, ಡೀಸೆಲ್ ಇಂಜಿನ್ನಿನ ಬಗಲಲ್ಲಿ. ಅಲ್ಲಿ ಹೊಗೆ, ಕಾವು, ಮತ್ತು ಆ ಸದ್ದು. "ನಾ ಸಮುದ್ರ ಸಮಾ ನೋಡಿದ್ದು ಕೆಲ್ಸ ಬಿಟ್ಟ ಮೇಲೇಯ" ಎನ್ನುತ್ತಿದ್ದರು. ಹೆಂಡತಿ ತೀರಿ, ಮಗಳು ಕುಮಟೆಗೆ ಮದುವೆಯಾಗಿ ಹೋದ ಮೇಲೆ, ಅಂಗಳದಲ್ಲಿ ಒಂದು ಕಬ್ಬಿಣದ ಕುರ್ಚಿ ಹಾಕಿಕೊಂಡು ಆ ಬಾಕಿ ತೀರಿಸುವ ಹಾಗೆ ಸಮುದ್ರ ನೋಡುತ್ತಾ ಕೂತಿರುತ್ತಿದ್ದರು. ಹೆಗಲ ಮೇಲೆ ಯಾವಾಗಲೂ ಒಂದು ಎಣ್ಣೆಬಟ್ಟೆ. ಊಟಕ್ಕೆ ಕೂರುವ ಮುಂಚೆ ಸ್ವಚ್ಛ ಕೈಯನ್ನೂ ಅದಕ್ಕೆ ಒರೆಸಿಕೊಳ್ಳುತ್ತಿದ್ದರು. ನಾನು ಬೈದರೆ, "ಅಭ್ಯಾಸ ತಂಗೀ, ಇದು ಇಲ್ದಿದ್ರೆ ಅನ್ನ ಇಳೂದಿಲ್ಲ" ಎಂದು ನಗುತ್ತಿದ್ದರು.

ಅಳಿವೆ ಎಂದರೆ ಶರಾವತಿ ಸಮುದ್ರ ಸೇರುವ ಬಾಯಿ. ನೀರಿನ ಕೆಳಗೆ ಮರಳು ದಿಬ್ಬ ಕಟ್ಟಿಕೊಂಡಿರುತ್ತದೆ, ಅದು ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ದಾರಿಯಲ್ಲ. ಮೀನು ತುಂಬಿ ಭಾರವಾದ ಬೋಟು ಹೊತ್ತು ನೋಡದೆ ಒಳಗೆ ನುಗ್ಗಿದರೆ ತಳ ಮರಳಿಗೆ ಕೂರುತ್ತದೆ, ಹಿಂದಿಂದ ಬಂದ ತೆರೆ ಮಗುಚುತ್ತದೆ. ಬೋಟಿನಲ್ಲಿ ನಿಂತವರಿಗೆ ತೆರೆಯ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಮುಖ ಕಾಣುವುದು ದಂಡೆಯಲ್ಲಿರುವವರಿಗೆ. ನಮ್ಮ ಡ್ರೈವರ್ ಮಾವನ ಅಂಗಳ ಸ್ವಲ್ಪ ಎತ್ತರದಲ್ಲಿದೆ. ಹೀಗಾಗಿ ಬಂದರದ ಹಿರಿಯರು ಒಂದು ವಾಕಿಟಾಕಿ ಅವರ ಕೈಗೆ ಕೊಟ್ಟು, "ಕೂತಲ್ಲೇ ಕೂತು ನಮ್ಗೊಂದು ಮಾತು ಹೇಳಿ" ಎಂದರು. ನಾವೆಲ್ಲ ಅದಕ್ಕೆ ಸೆಟ್ಟು ಎನ್ನುವುದು.

ಆಮೇಲೆ ಬಂದ ಬೋಟೆಲ್ಲ ಅಳಿವೆಯ ಹೊರಗೆ ನಿಂತು, "ಮಾವಾ, ಅಳಿವೆ ಹೆಂಗದೆ?" ಎಂದು ಕೇಳಿಯೇ ಒಳಗೆ ಬರುವುದು ರೂಢಿಯಾಯಿತು. ಅವರು ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಒಂದು ಗುಂಪು ತೆರೆ ಒಡೆದು ಮುಗಿಯುವ ತನಕ ಉಸಿರು ಬಿಡದೆ ನೋಡಿ, "ತಡೆ... ತಡೆ... ಹಾಂ, ಈಗ ಬಾ, ತೆಂಕಣ ಮಗ್ಗುಲಿಗೆ ಹಿಡ್ಕ" ಎನ್ನುತ್ತಿದ್ದರು. ಬೇಲಿಯಾಚೆ ನಿಂತ ನಾವು ಹೆಂಗಸರಿಗೆ ಆ "ಈಗ ಬಾ" ಕೇಳಿದ ಮೇಲೆಯೇ ಒಲೆಯ ಕಡೆ ಹೋಗುವ ಧೈರ್ಯ.

ಆ ಸೆಟ್ಟಿನಲ್ಲಿ ಎಲ್ಲಾ ಬೋಟಿನ ಮಾತೂ ಬೀಳುತ್ತದೆ. ಯಾರಿಗೆ ಬಂಗಡೆ ಸಿಕ್ಕಿತು, ಯಾವ ಆಳದಲ್ಲಿ, ಯಾರ ಬಲೆ ಹರಿಯಿತು, ಎಲ್ಲ. ಮೀನು ಹಿಡಿಯುವವರಿಗೆ ಅದು ಹೆಂಡತಿಗೂ ಹೇಳದ ಗುಟ್ಟು. ಮೀನು ವ್ಯಾಪಾರದವರು ಬೀಡಿ ಕಟ್ಟು ಹಿಡಿದುಕೊಂಡು ಬಂದು, "ಮಾವಾ, ಇವತ್ತು ಯಾರಿಗಂತೆ?" ಎಂದು ಪುಸಲಾಯಿಸುತ್ತಿದ್ದರು. ಮಾವ ಬೀಡಿ ತೆಗೆದುಕೊಂಡು, ಹಚ್ಚಿಕೊಂಡು, "ಎಂತದೂ ಕೇಳೂದೇ ಇಲ್ಲ ಮಾರಾಯಾ" ಎನ್ನುತ್ತಿದ್ದರು. ಮೊದಮೊದಲು ಅದು ಸುಳ್ಳು. ಅದು ಯಾವಾಗ ನಿಜವಾಯಿತೋ ನಮಗಾರಿಗೂ ಗೊತ್ತಾಗಲಿಲ್ಲ.

ಸೆಟ್ಟಿನ ಜೊತೆ ಬಂದ ಆಂಟೆನಾ ಮೋಟು, ರಬ್ಬರಿನದು. ಹೆಂಗಸರು ಅದಕ್ಕೆ ಹಲ್ಲಿಬಾಲ ಎಂದು ಹೆಸರಿಟ್ಟಿದ್ದರು. ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಮಾವ ತಕರಾರು ಶುರು ಮಾಡಿದರು. "ಬೋಟಿನವ್ರ ದನಿ ಬರೂದೇ ಇಲ್ಲ. ಈ ಬಾಲದಲ್ಲಿ ದಮ್ಮಿಲ್ಲ. ಉದ್ದದ್ದು ಹಾಕ್ಬೇಕು." ನಮ್ಮನೆಯವರು ಭಟ್ಕಳಕ್ಕೆ ಬಲೆಯ ಸಾಮಾನು ತರಲು ಹೋದಾಗ ಅಲ್ಲಿಯ ಬಂದರದ ಹತ್ತಿರದ ಅಂಗಡಿಯಿಂದ ಉದ್ದದ ಒಂದು ಆಂಟೆನಾ ತಂದರು. ತಂದದ್ದು ಕೂರಲಿಲ್ಲ. ಸೆಟ್ಟಿನ ನೆತ್ತಿಯಲ್ಲಿ ಸೂಜಿ ಇತ್ತು, ತಂದ ಆಂಟೆನಾದ ಬುಡದಲ್ಲೂ ಸೂಜಿಯೇ ಇತ್ತು. ಸೂಜಿಗೆ ತೂತು ಬೇಕಲ್ಲ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಬ್ರೂ ಗಂಡಿನ ಕಡೆಯವ್ರೇ ಬಂದ್ರೆ ಮದುವೆ ಹೆಂಗೆ ಮಾಡೂದು?" ಎಂದರು. ಪುನಃ ಭಟ್ಕಳದ ಬಸ್ಸು. ಅಂಗಡಿಯವರು ಒಳ್ಳೆಯವರು, ಬದಲಿಸಿ ಕೊಟ್ಟು ಬುದ್ಧಿಯೂ ಹೇಳಿ ಕಳಿಸಿದರಂತೆ: "ಉದ್ದ ನೋಡಿ ಒಯ್ಯಬೇಡಿ ತಾಂಡೇಲರೇ. ಸೆಟ್ಟು ಯಾವ ಅಲೆಯಲ್ಲಿ ಮಾತಾಡ್ತದೋ ಆ ಅಲೆಗೆ ಹೊಂದಬೇಕು. ಹೊಂದದಿದ್ರೆ ತೆಂಗಿನಮರದಷ್ಟು ಉದ್ದ ಇದ್ರೂ ಕೋಲೇ ಸೈ."

ಹೊಸದು ಹಿಡಿಕಡ್ಡಿಯಂತೆ ತೆಳ್ಳಗೆ, ಗಾಳಿಗೆ ತೊನೆಯುತ್ತಿತ್ತು. ಕೆಲವು ದಿನ ಎಲ್ಲ ಸರಿಯಾದ ಹಾಗೆ ಕಂಡಿತು. ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಬೋಟು, ಇಂಜಿನ್ನು, ಬಲೆ, ಚಾಕು ಎಲ್ಲಕ್ಕೂ ಪೂಜೆ. ಸೆಟ್ಟಿಗೂ. ಗಂಧ ಹಚ್ಚಿ, ಹೂವು ಮುಡಿಸಿ, ಕಡೆಗೆ ಅಮ್ಮನವರ ಗುಡಿಯಿಂದ ತಂದ ತಾಮ್ರದ ತಾಯತವನ್ನು ಕಾಣುವ ಹಾಗೆ ಆಂಟೆನಾಕ್ಕೇ ಕಟ್ಟುವುದು. ಪ್ರತಿ ಬೋಟಿನಲ್ಲೂ ಹಾಗೆಯೇ ಮಾಡುತ್ತಾರೆ, ಮಾವನ ಸೆಟ್ಟಿಗೆ ನಾನೇ ಕಟ್ಟಿದ್ದೆ. ಮರುದಿನ ಎಲ್ಲ ಬೋಟಿನ ದನಿಯೂ ಮಂಕು. ಲೋಹ ತಾಗಿದರೆ ಆಂಟೆನಾದ ದಮ್ಮು ಹೋಗುತ್ತದೆಯಂತೆ. ಮಾವ ಬೋಟು ಕಟ್ಟುವ ಧಕ್ಕೆಗೆ ಹೋಗಿ ಬೋಟಿಂದ ಬೋಟಿಗೆ ಹತ್ತಿ ಇಳಿದು, ಒಂದೊಂದೇ ತಾಯತ ಬಿಚ್ಚಿ, ಸೆಟ್ಟಿನ ಕೆಳಗಿನ ಕೈದಾರಕ್ಕೆ ಕಟ್ಟಿದರು. "ದೇವ್ರನ್ನ ಕೈಲಿ ಹಿಡ್ಕಣಿ. ತಲೆ ಮೇಲೆ ಕೂರ್ಸಿ ಬಾಯಿ ಮುಚ್ಸಬ್ಯಾಡಿ" ಎಂದರಂತೆ. ಯಾರಿಗೂ ಬೇಜಾರಾಗಲಿಲ್ಲ. ನನ್ನ ತಾಯತ ಬಿಚ್ಚುವ ಮುಂಚೆ ಮಾತ್ರ ನನ್ನನ್ನು ಕರೆದು, ನಾನು ಕೈ ಮುಗಿಯುವ ತನಕ ಕಾದಿದ್ದರು. ಅವರು ಗುಡಿಗೆ ಅಷ್ಟಾಗಿ ಹೋಗುವವರಲ್ಲ. ನಾನು ಬೆಳಿಗ್ಗೆ ತುಳಸಿಗೆ ನೀರು ಹಾಕಿ ಪ್ರಾರ್ಥನೆ ಮಾಡುವುದನ್ನು ಬೇಲಿಯಾಚೆಯಿಂದ ನೋಡಿ, "ಎಂಥಾ ಆಂಟೆನಾ ಹಾಕಿದ್ಯೆ ತಂಗೀ, ಅಷ್ಟು ಮೆಲ್ಲಗೆ ಹೇಳಿದ್ರೂ ಮುಟ್ತದಾ ಅವಂಗೆ?" ಎಂದು ಕೀಟಲೆ ಮಾಡುತ್ತಿದ್ದರು.

"ಮುಟ್ತದೆ ಮಾವಾ. ಉತ್ತರ ಕೊಡೂದು ಮಾತ್ರ ಅವಂಗೆ ಮನಸ್ಸು ಬಂದಾಗೆ."

"ಹಂಗಾರೆ ನನ್ ಸೆಟ್ಟೇ ಆತು" ಎನ್ನುತ್ತಿದ್ದರು.

ತಾಯತ ತೆಗೆದ ಮೇಲೆ ಎಲ್ಲರ ಸೆಟ್ಟೂ ಸರಿಯಾಯಿತು, ಮಾವನದು ಸರಿಯಾಗಲಿಲ್ಲ. ಉಪ್ಪುಗಾಳಿಗೆ ಬುಡ ತುಕ್ಕು ಹಿಡಿದಿದೆ ಎಂದರು, ಉಜ್ಜಿದರು. ತಿರುಪು ಸಡಿಲ ಎಂದರು, ಬಿಗಿದರು. ಸೆಟ್ಟನ್ನು ಎಡಗಿವಿಗೆ ಒತ್ತುವರು, ಬಲಗಿವಿಗೆ ಒತ್ತುವರು, ಕಡೆಗೆ ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೂರುವರು. ನಮಗಾರಿಗೂ ಸಂಶಯ ಬರಲಿಲ್ಲ. ಬರುವುದಾದರೂ ಹೇಗೆ? ಬಂದರದ ಜನ ಮಾತಾಡುವುದೇ ಬೊಬ್ಬೆ ಹೊಡೆದು. ಎದುರೆದುರು ಕೂತರೂ ನಡುವೆ ಇಂಜಿನ್ನು ಓಡುತ್ತಿದೆಯೇನೋ ಎಂಬ ಹಾಗೆ. ಮತ್ತೆ ಮಾವ ಎದುರು ಕೂತವರ ಮುಖವನ್ನೇ ನೋಡುತ್ತಿದ್ದರು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡುತ್ತಿದ್ದರು. ಇಂಜಿನ್ನಿನ ಸದ್ದಿನಲ್ಲಿ ಮೇಲಿನವರ ತುಟಿ ನೋಡಿಯೇ ಮಾತು ತಿಳಿಯುವ ವಿದ್ಯೆ ಅವರಿಗೆ ಚಿಕ್ಕಂದಿನಿಂದ ಬಂದಿತ್ತು. ಎದುರಿಗೆ ಎಲ್ಲ ಕೇಳುತ್ತದೆ, ಸೆಟ್ಟಿನಲ್ಲಿ ಮಾತ್ರ ಕೇಳುವುದಿಲ್ಲ ಎಂದರೆ ಯಾರಾದರೂ ಸೆಟ್ಟನ್ನೇ ಬೈಯುವುದಲ್ಲವೇ? ಸೆಟ್ಟಿಗೆ ತುಟಿ ಇಲ್ಲ ಎನ್ನುವುದು ನಮ್ಮ ತಲೆಗೆ ಹೊಳೆಯಲಿಲ್ಲ.

ಹೀಗಾಗಿ ಮೂರನೆಯ ಆಂಟೆನಾ. ಒಡೆಯಲು ಹಾಕಿದ ಹಳೆಯ ಬೋಟಿನಿಂದ ಒಂದು ಬಿಳಿ ಕೋಲು, ಫೈಬರಿನದು, ಬಿಚ್ಚಿ ತಂದರು. ನಮ್ಮನೆಯವರು ಮತ್ತು ಅವರ ಬೋಟಿನ ಇಬ್ಬರು ಸೇರಿ ಕಬ್ಬಿಣದ ಪೈಪಿಗೆ ಕಟ್ಟಿ ಮಾವನ ಮನೆಯ ಹಂಚಿನ ಮಾಡಿನ ಮೇಲೆ ನಿಲ್ಲಿಸಿದರು. ಹಂಚಿನ ಸಂದಿನಿಂದ ಕಪ್ಪು ತಂತಿ ಇಳಿಸಿ, ಅದರ ತುದಿಯನ್ನು ಸೆಟ್ಟಿನ ನೆತ್ತಿಗೆ ಹೊಂದುವ ಹಾಗೆ ಮಾಡಿದರು. ನೀರು ಇಳಿಯದಂತೆ ಗಂಟಿಗೆಲ್ಲ ಟೇಪು. ಬೆಳಿಗ್ಗೆಯೇ ಇದಿಷ್ಟು ಮುಗಿಸಿ ನಮ್ಮನೆಯವರು ಬೋಟಿಗೆ ಹೋದರು. ಆಚೆಮನೆಯ ಅಜ್ಜಿ, "ಸಿಡಿಲು ಕರೂಕೆ ಗೂಟ ಹುಗೀತ್ರಾ?" ಎಂದು ಬೈದರು. "ಗುಡುಗು ಬಂದ್ರೆ ತಂತಿ ಬಿಚ್ಚಿಡ್ತೆ ಅಬ್ಬೇ" ಎಂದು ಮಾವ ಸಮಾಧಾನ ಹೇಳಿದರು. ನಾನು ತೆಂಗಿನಕಾಯಿ ಒಡೆದೆ. ತಾಯತ ಕಟ್ಟಲಿಲ್ಲ.

ಆ ದಿನದ ಸಂಜೆಯೇ ನನಗೆ ಗೊತ್ತಾದದ್ದು.

ದೀಪ ಹಚ್ಚುವ ಮುಂಚೆ, ಒಡೆದ ಕಾಯಿಯ ಹೋಳನ್ನು ಪ್ರಸಾದವೆಂದು ಕೊಡಲು ಅವರ ಅಂಗಳಕ್ಕೆ ಹೋದೆ. ಮಾವ ನನಗೆ ಬೆನ್ನು ಹಾಕಿ, ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದರು. ಸೆಟ್ಟು ಜಗಲಿಯ ಮೇಲೆ, ಅವರಿಂದ ಎರಡು ಮಾರು ದೂರದಲ್ಲಿ. ನಾನು ಗೇಟು ದಾಟುವಾಗಲೇ ಅದರೊಳಗಿಂದ ನಮ್ಮನೆಯವರ ದನಿ, ಪಕ್ಕದಲ್ಲಿ ನಿಂತು ಕೂಗಿದಷ್ಟು ನಿಚ್ಚಳ: "ಮಾವಾ, ಅಳಿವೆ ಹೆಂಗದೆ? ಮಾವಾ, ಕೇಳ್ತದ್ಯಾ? ಮಾವಾ..."

ಮಾವ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ತಿರುಗಿ ಬಂದು, ಸೆಟ್ಟೆತ್ತಿ ಒಮ್ಮೆ ಜಾಡಿಸಿ, ಮಾಡಿನ ಮೇಲಿನ ಕೋಲು ನೋಡಿ, ತಮ್ಮಷ್ಟಕ್ಕೇ, "ಇದೂ ಆಗೂದಿಲ್ಲ" ಎಂದರು. ಸೆಟ್ಟು ಅವರ ಕೈಯಲ್ಲೇ ಕರೆಯುತ್ತಿತ್ತು. ಆಮೇಲೆ ಅವರು ನನ್ನನ್ನು ಕಂಡರು. ನನ್ನ ಮುಖ ಹೇಗಿತ್ತೋ.

"ಕೇಳ್ತದ್ಯಾ ನಿಂಗೆ?" ಎಂದು ಕೇಳಿದರು.

"ಕೇಳ್ತದೆ ಮಾವಾ."

"ಯಾರು?"

"ಇವ್ರು. ಅಳಿವೆ ಹೆಂಗದೆ ಕೇಳ್ತಾ ಅವ್ರೆ."

ಅವರು ಜಗಲಿಯ ಮೇಲೆ ಕೂತುಬಿಟ್ಟರು. ಎಣ್ಣೆಬಟ್ಟೆಯಿಂದ ಸೆಟ್ಟು ಒರೆಸಿದರು, ಒರೆಸುತ್ತಲೇ ಇದ್ದರು. ಹೊರಗೆ ನಮ್ಮನೆಯವರು ಬೋಟು ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ, ಬೆಳಕು ಇಳಿಯುತ್ತಿದೆ. "ಮಾವಾ, ಎದ್ದೇಳಿ. ಅವ್ರು ಹೇಳಿದ್ದು ನಾ ನಿಮ್ಗೆ ಹೇಳ್ತೆ. ನೀವು ನೋಡಿ ಉತ್ತರ ಕೊಡಿ" ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಎದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದರು. ಒಂದು ಗುಂಪು ತೆರೆ ಒಡೆದು ಮುಗಿಯುವ ತನಕ ನೋಡಿ, ಗುಂಡಿ ಒತ್ತಿ, "ಈಗ ಬಾ" ಎಂದರು. ಬೋಟು ಬಂತು.

ಅಂದಿನಿಂದ ಬೋಟು ಬರುವ ಹೊತ್ತಿಗೆ ನಾನು ಮಾವನ ಜಗಲಿಗೆ ಹೋಗಿ ಕೂರತೊಡಗಿದೆ. ಕೈಯಲ್ಲಿ ಕಟ್ಟಲು ಹೂವೋ ಆರಿಸಲು ಅಕ್ಕಿಯೋ ಇರುತ್ತಿತ್ತು, ನೋಡಿದವರಿಗೆ ಹರಟೆಗೆ ಬಂದವಳ ಹಾಗೆ. ಸೆಟ್ಟು ಹೇಳಿದ್ದನ್ನು ನಾನು ಅವರ ಮುಖಕ್ಕೆ ಹೇಳುವುದು, ಅವರು ಗುಂಡಿ ಒತ್ತಿ ಉತ್ತರ ಕೊಡುವುದು. ನಾನು ಸೆಟ್ಟು ಮುಟ್ಟಲಿಲ್ಲ. ಯಾರಿಗೂ ಹೇಳಬೇಡ ಎಂದು ಅವರು ಕೇಳಲಿಲ್ಲ. ಹೇಳುವುದಿಲ್ಲ ಎಂದು ನಾನೂ ಮಾತು ಕೊಡಲಿಲ್ಲ. ಆ ಕುರ್ಚಿ ಹೋದರೆ ಅವರಿಗೆ ಬೇರೆ ಎಂತ ಇತ್ತು? ಬಂದರದಲ್ಲೆಲ್ಲ ಹೊಸ ಆಂಟೆನಾದ ಹೊಗಳಿಕೆ. "ಬಿಳಿಕೋಲು ಹಾಕಿದ ಮೇಲೆ ಮಾವಂಗೆ ಪಿಸುಮಾತೂ ಕೇಳ್ತದೆ ಮಾರಾಯ್ರೆ" ಎಂದು ಮೀನುಪೇಟೆಯಲ್ಲಿ ಕೂಡ ಹೇಳುತ್ತಿದ್ದರು. ಮಾವ ಅದನ್ನು ಅವರ ತುಟಿಯಲ್ಲಿ ಓದಿ ನನ್ನ ಕಡೆ ನೋಡದೆ ನಗುತ್ತಿದ್ದರು. ಹಾಗೆ ಎರಡು ಮಳೆಗಾಲ ದಾಟಿದವು. ಬೋಟುಗಳೆಲ್ಲ ಬಂದವು, ಹೋದವು. ಬಂದ ಒಂದೊಂದು ಬೋಟಿಗೂ ನಾನು ದೇವರಿಗೆ ಕೈ ಮುಗಿದಿದ್ದೇನೆ.

ಆಮೇಲೊಂದು ದಿನ ಸಂತೆಗುಳಿಯಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶ. ಹೋಗದೆ ಇರುವಂತಿಲ್ಲ. "ಹೋಗಿ ಬಾ. ಆಕಾಶ ಸಮಾ ಅದೆ, ಬೋಟಿನವ್ರಿಗೂ ಇವತ್ತು ನನ್ ಅಗತ್ಯ ಬೀಳೂದಿಲ್ಲ" ಎಂದು ಮಾವನೇ ಕಳಿಸಿದರು. ನಿಜಕ್ಕೂ ಆಕಾಶ ತಿಳಿಯಾಗಿತ್ತು. ಮಧ್ಯಾಹ್ನ ಊಟಕ್ಕೆ ಎಲೆ ಹಾಕುವಾಗ ಗಾಳಿ ತಿರುಗಿತು.

ಮುಂದಿನದು ನಮ್ಮನೆಯವರು ಹೇಳಿ ನನಗೆ ತಿಳಿದದ್ದು. ಗಾಳಿ ಎದ್ದ ಕೂಡಲೇ ಬೋಟುಗಳು ಹಿಂದೆ ಬಂದವು. ಅಳಿವೆಯ ಹೊರಗೆ ಎರಡು ನಿಂತವು, ಒಂದು ನಮ್ಮದು. ಮಾವ ಅವನ್ನು ಕಂಡರು. ತೆರೆ ಕೆಟ್ಟದಾಗಿ ಒಡೆಯುತ್ತಿತ್ತು. ಗುಂಡಿ ಒತ್ತಿ, "ಬರಬ್ಯಾಡಿ, ತಡೀರಿ, ಹೊರಗೇ ನಿಲ್ಲಿ" ಎಂದರು. ಅವರು "ಆತು ಮಾವಾ" ಎಂದರು, ಅದು ಮಾವನಿಗೆ ಕೇಳಲಿಲ್ಲ. ಕೇಳದ್ದರಿಂದ ಅವರಿಗೆ ತಲುಪಿಲ್ಲ ಎಂದೇ ತಿಳಿದು ಪುನಃ ಹೇಳಿದರು. ಪುನಃ. ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಒಬ್ಬರು ಗುಂಡಿ ಒತ್ತಿ ಹಿಡಿದರೆ ಆ ಹೊತ್ತಿನಲ್ಲಿ ಬೇರೆಯವರ ಮಾತು ಹೋಗುವುದಿಲ್ಲ. ಅದರಲ್ಲೂ ಮಾಡಿನ ಮೇಲಿನ ಆ ಕೋಲಿನ ದಮ್ಮು. ಕಡಲ ತುಂಬ ಮಾವನ ದನಿಯೇ.

ಬಡಗಣ ಗುಡ್ಡದ ಮರೆಯಲ್ಲಿ, ಮಾವನ ಕಣ್ಣಿಗೆ ಕಾಣದಲ್ಲಿ, ಕೆಳಕೇರಿಯವರ ಬೋಟು ಇಂಜಿನ್ ಕೆಟ್ಟು ಬಂಡೆಯ ಕಡೆ ತೇಲುತ್ತಿತ್ತು. ಅವರು ಕರೆಯುತ್ತಿದ್ದರು. ಮಾವ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ನಮ್ಮನೆಯವರಿಗೆ ಒಂದು ಸಲ "ಇಂಜಿನ್" ಎಂದು, ಇನ್ನೊಂದು ಸಲ "ಬಂಡೆ" ಎಂದು ಕೇಳಿತು. ಅಷ್ಟರಿಂದಲೇ ತಿಳಿದು ಬೋಟು ತಿರುಗಿಸಿದರು. ಮುಟ್ಟುವಾಗ ಆ ಬೋಟು ಬಂಡೆಗೆ ಬಡಿದು ಸೀಳಿತ್ತು. ಜನರೆಲ್ಲ ನೀರಲ್ಲಿ. ಎಲ್ಲರನ್ನೂ ಎತ್ತಿದರು. ತಾಂಡೇಲನ ತೋಳು ಮುರಿದಿತ್ತು, ಬೋಟು ಮುಗಿದಿತ್ತು, ಜೀವ ಒಂದೂ ಹೋಗಲಿಲ್ಲ. ಅಮ್ಮನವರು ಅಷ್ಟು ಮಾಡಿದರು. ಅಷ್ಟನ್ನು ನಾನು ದಿನಾ ನೆನೆಯುತ್ತೇನೆ.

ಮಾರನೇ ದಿನ ಅಮ್ಮನವರ ಗುಡಿಯ ಮುಂದೆ ಬಂದರದವರು ಸೇರಿದರು. ಹೆಂಗಸರು ನಾವು ಒಂದು ಬದಿಗೆ. ಮಾವ ಮುಂದೆ, ಎಲ್ಲರ ಮುಖ ಕಾಣುವಲ್ಲಿ ಕೂತಿದ್ದರು. ಹೆಗಲ ಮೇಲೆ ಎಣ್ಣೆಬಟ್ಟೆ ಇರಲಿಲ್ಲ. ಹಿರಿಯರೊಬ್ಬರು, "ಇದು ಹೆಂಗಾತು, ಹೇಳಿ" ಎಂದರು.

ತೋಳು ಮುರಿದ ತಾಂಡೇಲನೇ ಮೊದಲು ಎದ್ದ. ಬೋಟು ಕಳೆದುಕೊಂಡವನು ಅವನು. ಎಂತ ಬೇಕಾದರೂ ಹೇಳಬಹುದಿತ್ತು. "ಆಂಟೆನಾದ್ದೇ ತಪ್ಪು" ಎಂದ. "ಹಳೇ ಬೋಟಿಂದು. ಉಪ್ಪುಗಾಳಿಗೆ ಒಳಗೇ ಹಾಳಾಗಿತ್ತು. ಮಾವಂಗೆ ನಮ್ ದನಿ ಹೋಗ್ಲಿಲ್ಲ."

"ಹೌದು, ಆಂಟೆನಾ" ಎಂದು ಇನ್ನೊಬ್ಬ. "ಗಂಟಿಗೆ ನೀರು ಇಳ್ದಿರ್ಬೇಕು" ಎಂದು ಮತ್ತೊಬ್ಬ. ನಮ್ಮನೆಯವರೂ ನೆಲ ನೋಡುತ್ತಾ, "ನಾನೇ ಕಟ್ಟಿದ್ದು. ಟೇಪು ಸಮಾ ಸುತ್ತಿರ್ಲಿಲ್ಲ" ಎಂದರು. ಟೇಪು ಸುತ್ತುವಾಗ ಏಣಿ ಹಿಡಿದವಳು ನಾನು. ಎಷ್ಟು ಸುತ್ತಿದ್ದರು ಎಂದು ನನಗೆ ಗೊತ್ತು.

ಮಾವ ಒಂದೊಂದೇ ಮುಖವನ್ನು ನೋಡುತ್ತಾ ಹೋದರು. ಆಮೇಲೆ ಎದ್ದು ನಿಂತರು.

"ಆಂಟೆನಾ ಸರಿ ಅದೆ" ಎಂದರು. "ಅದ್ರ ಮೇಲೆ ಹಾಕಬ್ಯಾಡಿ. ಕಿವಿ ಹೋಗಿದ್ದು ನಂದು. ಹೋಗಿ ಬಾಳ ಕಾಲ ಆತು. ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ಕುರ್ಚಿ ಬಿಡೂಕೆ ಮನಸ್ಸಾಗ್ಲಿಲ್ಲ." ನನ್ನ ಹೆಸರು ಎತ್ತಲಿಲ್ಲ. ಸೆಟ್ಟನ್ನು ಗುಡಿಯ ಮೆಟ್ಟಿಲ ಮೇಲಿಟ್ಟು, ಕೈ ಮುಗಿದು, ಜನರ ನಡುವಿನಿಂದ ನಡೆದು ಹೊರಟರು.

"ನಮ್ಗೆ ಗೊತ್ತಿತ್ತು ಮಾವಾ" ಎಂದು ಯಾರೋ ಹೇಳಿದರು. ಬೆನ್ನ ಹಿಂದೆ ಹೇಳಿದ್ದು. ಅವರಿಗೆ ಕೇಳಲಿಲ್ಲ, ನಡೆದೇ ಹೋದರು.

ಮನೆಗೆ ಬರುವ ದಾರಿಯಲ್ಲಿ ನಮ್ಮನೆಯವರು ಹೇಳಿದರು. "ಮಾವ ಗುಂಡಿ ಬೇಗ ಒತ್ತಿಬಿಡ್ತಿದ್ರು. ನೀ ಹೇಳೂದು ಮುಗ್ದಿರ್ತಿರ್ಲಿಲ್ಲ. ಮೊದ್ಲು ನಿನ್ ದನಿ ಬರ್ತಿತ್ತು, ಆಮೇಲೆ ಅವ್ರದ್ದು. ಎಲ್ಲಾ ಬೋಟಿಗೂ ಗೊತ್ತಿತ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀ ನಂಗೆ ಹೇಳಿದ್ಯಾ?"



ಹಿರಿಯರು ಸೆಟ್ಟನ್ನು ಪುನಃ ಮಾವನ ಮನೆಗೇ ಕಳಿಸಿದರು, ಇಟ್ಟುಕೊಳ್ಳಿ ಎಂದು. ಆದರೆ ಅವರು ಕುರ್ಚಿಯನ್ನು ಅಂಗಳಕ್ಕೆ ತರಲಿಲ್ಲ. ಬಂದರದ ಶೆಡ್ಡಿನಲ್ಲಿ ದೊಡ್ಡ ಸೆಟ್ಟು ಬಂತು, ಒಬ್ಬರು ಕೂರುವವರೂ ಬಂದರು. ಮಳೆ ಹಿಡಿಯುವ ಮುಂಚೆ ಮಗಳು ಬಂದು ಮಾವನನ್ನು ಕುಮಟೆಗೆ ಕರೆದುಕೊಂಡು ಹೋದಳು. ಹೊರಡುವಾಗ ಮನೆಯ ಕೀಲಿಯನ್ನೂ ಸೆಟ್ಟನ್ನೂ ನನ್ನ ಕೈಗೆ ಕೊಟ್ಟು, ತಂತಿಯ ತುದಿಗೆ ಪ್ಲಾಸ್ಟಿಕ್ ಕಟ್ಟಿದ್ದು ತೋರಿಸಿದರು. "'ನಾ ಆ ದಿನ ಇದ್ದಿದ್ರೆ' ಹೇಳಿ ಮನಸ್ಸಿಗೆ ಹಚ್ಕಬ್ಯಾಡ. ನೀ ಇದ್ರೂ ಇಲ್ದಿದ್ರೂ ಕಿವಿ ನಂದು" ಎಂದರು.

ಕುಮಟೆಯ ಮನೆ ರಸ್ತೆಯ ಬದಿಗೆ. ಡಾಕ್ಟರು ಕಿವಿಗೆ ಯಂತ್ರ ಕೊಟ್ಟರು, ಅದನ್ನು ಅವರು ಅಂಗಿಯ ಕಿಸೆಯಲ್ಲಿಡುತ್ತಿದ್ದರು. "ಹಾಕ್ದ್ರೆ ಇಂಜಿನ್ ರೂಮಿಗೆ ವಾಪಸ್ ಹೋದ ಹಂಗೆ ಆತದೆ ತಂಗೀ. ಎಲ್ಲಾ ಒಟ್ಟಿಗೇ ಕೂಗ್ತವೆ. ಯಾರು ನನ್ನ ಕರ್ದದ್ದು ಅಂತ ಮಾತ್ರ ತಿಳೂದಿಲ್ಲ." ನಾನು ಹೋದಾಗಲೆಲ್ಲ ಎದುರು ಕೂರಿಸಿಕೊಂಡು ಒಂದೇ ಪ್ರಶ್ನೆ, ಮರಳು ಈ ಸಲ ಯಾವ ಮಗ್ಗುಲಿಗೆ ಬಿದ್ದಿದೆ ಎಂದು. ನನಗೆ ತಿಳಿದಷ್ಟು ಹೇಳುತ್ತಿದ್ದೆ. ಅವರು ನನ್ನ ತುಟಿ ನೋಡುತ್ತಾ, ಬಸ್ಸು ಓಡುವ ರಸ್ತೆಯನ್ನು ನೋಡುತ್ತಾ, ತಲೆಯಾಡಿಸುತ್ತಿದ್ದರು. ಕಳೆದ ಸಲ ಹೋದಾಗ ಆ ಪ್ರಶ್ನೆಯನ್ನೂ ಕೇಳಲಿಲ್ಲ. ಬಂಗಡೆ ಒಯ್ದಿದ್ದೆ, ರುಚಿಯಾಗಿ ಉಂಡರು. ಅದೂ ಒಂದು ಸಮಾಧಾನ.

ಮಗಳ ಫೋನು ಇಟ್ಟ ಮೇಲೆ ಆ ಸೆಟ್ಟು ತೆಗೆದೆ. ನಾನು ಅದನ್ನು ಆಗಾಗ ಚಾರ್ಜಿಗೆ ಹಾಕಿ ಇಡುತ್ತಿದ್ದೆ, ಯಾಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ರಬ್ಬರಿನ ಮೋಟು ಆಂಟೆನಾದಲ್ಲಿ ಖರ್ ಎಂಬುದು ಬಿಟ್ಟು ಏನೂ ಬರಲಿಲ್ಲ. ಕೀಲಿ ತೆಗೆದುಕೊಂಡು ಮಾವನ ಮನೆಗೆ ಹೋದೆ. ಪ್ಲಾಸ್ಟಿಕ್ ಬಿಚ್ಚಿ ತಂತಿಯ ತುದಿ ಕೂರಿಸಿದೆ. ಅಷ್ಟು ಕಾಲ ಅದರ ಪಕ್ಕದಲ್ಲಿ ಕೂತಿದ್ದರೂ ಗುಂಡಿ ಒತ್ತಿದ್ದು ಅದೇ ಮೊದಲು. ಗಂಡನ ಹೆಸರು ನಾವು ಹೇಳುವುದಿಲ್ಲವಲ್ಲ, ಬೋಟಿನ ಹೆಸರು ಕರೆದೆ. "ಗಂಗಾಮಾತಾ, ಗಂಗಾಮಾತಾ."

ಹೆಂಗಸಿನ ದನಿ ಕೇಳಿ ಕಡಲಿಡೀ ಗಪ್ಪಾಯಿತು. ಆಮೇಲೆ ನಮ್ಮನೆಯವರು: "ಎಂತಾತು?"

"ಡ್ರೈವರ್ ಮಾವ ಹೋದ್ರು. ಸಂಜೆ ತನಕ ಇಡ್ತ್ರಂತೆ. ಹೆಗಲು ಕೊಡೂಕೆ ನೀವು ಬರ್ಬೇಕಂತೆ."

"ಕೇಳ್ತು" ಎಂದರು ನಮ್ಮನೆಯವರು. ಇನ್ನೊಂದು ಬೋಟಿನವರು, "ಕೇಳ್ತು." ಮತ್ತೊಂದು. ಒಬ್ಬೊಬ್ಬರೇ, ಒಬ್ಬರ ಮೇಲೊಬ್ಬರು ಬೀಳದೆ, ಸರದಿಯಲ್ಲಿ. ಎಲ್ಲ ದನಿಯೂ ನಿಚ್ಚಳವಾಗಿತ್ತು. ಕಡೆಗೆ ಕೆಳಕೇರಿಯ ತಾಂಡೇಲ, ತೋಳು ಮುರಿದಿದ್ದವನು: "ಅಕ್ಕಾ, ಎಲ್ರೂ ಹೊರಟ್ವಿ. ಅಲ್ಲೇ ಇದ್ರೆ ಹೇಳಿ, ಅಳಿವೆ ಹೆಂಗದೆ?"

ಅಂಗಳಕ್ಕೆ ಇಣುಕಿ ಅಳಿವೆಯ ಕಡೆ ನೋಡಿದೆ. ಬಿಳಿ ನೊರೆ ಕಂಡಿತು. ಎಲ್ಲಿ ಒಡೆಯುತ್ತಿದೆ, ಎಲ್ಲಿ ದಾರಿ ಬಿಟ್ಟಿದೆ, ತಿಳಿಯಲಿಲ್ಲ. ಅವರ ಪಕ್ಕ ಕೂತು ನಾನು ಕೇಳಿದ್ದೇ ಹೊರತು ನೋಡಿರಲಿಲ್ಲ. ನನ್ನ ಕಣ್ಣು ಯಾವಾಗಲೂ ಅವರ ಮುಖದ ಮೇಲೆ.

"ನಂಗೆ ತಿಳೂದಿಲ್ಲ ತಮ್ಮಾ" ಎಂದೆ. "ಶೆಡ್ಡಿನವ್ರನ್ನ ಕೇಳಿ ಬನ್ನಿ."

ತಂತಿ ಬಿಚ್ಚಿ ಪ್ಲಾಸ್ಟಿಕ್ ಕಟ್ಟಿದೆ, ಬಾಗಿಲಿಗೆ ಕೀಲಿ ಹಾಕಿದೆ. ಹೊತ್ತು ಇರುವಾಗಲೇ ಇವರು ಕುಮಟೆಗೆ ಹೋಗಬೇಕು. ಸ್ಮಶಾನ ಮುಗಿಸಿ ಬಂದವರು ಸ್ನಾನ ಮಾಡದೆ ಒಳಗೆ ಬರುವಂತಿಲ್ಲ, ಜೊತೆಗೆ ಬೋಟಿನವರೂ ಇರುತ್ತಾರೆ. ಬಾವಿಯಿಂದ ನೀರು ಸೇದಿ ಬಚ್ಚಲ ಹಂಡೆ ತುಂಬಲು ಹೋದೆ.